ತುಂಡು ಜೋಡಿಸಿ ಕಡೆದ ಬಟ್ಟಲು ಒಡೆದದ್ದೇಕೆ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವನು, ಪಾಲಿಟೆಕ್ನಿಕ್ ಒಂದರಲ್ಲಿ ಡ್ರಾಯಿಂಗ್ ಕಲಿಸುತ್ತೇನೆ. ಎರಡು ವರ್ಷದ ಹಿಂದೆ 10 ಇಂಚು ಸ್ವಿಂಗ್‌ನ (ಅಷ್ಟು ವ್ಯಾಸದವರೆಗೆ ಸುತ್ತಿಸಬಲ್ಲ) ಸಣ್ಣ ಮರದ ಲೇತ್ ತಂದೆ. ಲಟ್ಟಣಿಗೆ, ಬುಗುರಿ, ಸಣ್ಣ ಬಟ್ಟಲು ಕಡೆಯುವಷ್ಟು ಕೈ ಕುದುರಿದೆ. ಆಮೇಲೆ ತೇಗ, ಹಲಸಿನ ತುಂಡುಗಳನ್ನು ಬಳೆಯಾಗಿ ಜೋಡಿಸಿ, ಬಳೆಯ ಮೇಲೆ ಬಳೆ ಅಂಟಿಸಿ ಬಟ್ಟಲು ಮಾಡುವ ಆಸೆಯಾಯಿತು. ಬೇಕಾದ ಕೋನಕ್ಕೆ ಓರೆಯಾಗಿ ಕೊಯ್ಯುವ ಮೈಟರ್ ಗರಗಸವನ್ನು 15 ಡಿಗ್ರಿಗೆ ಇಟ್ಟು 25 ಮಿ.ಮೀ. ಅಗಲದ ಪಟ್ಟಿಯಿಂದ 12 ತುಂಡು ಕೊಯ್ದೆ. ಹನ್ನೊಂದು ಚೆನ್ನಾಗಿ ಕೂತವು. ಕೊನೆಯ ಜೋಡಣೆಯಲ್ಲಿ ಒಳಗಡೆ ಮುಟ್ಟಿತು, ಹೊರಗಡೆ 3 ಮಿ.ಮೀ. ಸಂದು ಉಳಿಯಿತು. ಫೆವಿಕಾಲ್‌ಗೆ ಮರದ ಪುಡಿ ಕಲಸಿ ತುಂಬಿದೆ. ಲೇತ್ ಮೇಲೆ ಕಡೆಯುವಾಗ ಬಳೆ ಒಡೆದು ಒಂದು ತುಂಡು ನನ್ನ ಕಿವಿಯ ಪಕ್ಕದಲ್ಲೇ ಹಾರಿಹೋಯಿತು. ಎರಡನೆಯದನ್ನು ಹೇಗೋ ಹೊಂದಿಸಿ ಜುಲೈನಲ್ಲಿ ಮುಗಿಸಿದೆ. ಅಡಿಗೆ 150 ಮಿ.ಮೀ.ನ ತೇಗದ ಬಿಲ್ಲೆ ಅಂಟಿಸಿ ಬಳ್ಳಾರಿಯಲ್ಲಿರುವ ಅಕ್ಕನಿಗೆ ಕೊಟ್ಟೆ. ಫೆಬ್ರವರಿಯಲ್ಲಿ ಅಡಿ ಉದ್ದಕ್ಕೂ ಸೀಳಿದೆ ಎಂದು ಫೋಟೊ ಕಳಿಸಿದಳು. ದುಬಾರಿ ಗರಗಸ ಬೇಕು ಎನ್ನುತ್ತಾರೆ ಒಬ್ಬರು, ಫೆವಿಕಾಲ್ ಸಾಲದು ಎಪಾಕ್ಸಿ ಹಾಕಿ ಎನ್ನುತ್ತಾರೆ ಇನ್ನೊಬ್ಬರು, 24 ತುಂಡು ಹಾಕಿದರೆ ಗಟ್ಟಿ ಎನ್ನುತ್ತಾರೆ ಮತ್ತೊಬ್ಬರು. ಮನೆಯವರಂತೂ ಆ ಲೇತ್ ಮುಟ್ಟಲೇಬೇಡಿ ಎನ್ನುತ್ತಿದ್ದಾರೆ. ಮುಂದುವರಿಯಲೇ? ಅಕ್ಕನ ಬಟ್ಟಲನ್ನು ಸರಿಮಾಡಲು ಆಗುತ್ತದೆಯೇ?

ಉತ್ತರ: ಮುಂದುವರಿಯಿರಿ. ಆದರೆ ಸಂದು ಇರುವ ಬಳೆಯನ್ನು ಇನ್ನು ಯಾವತ್ತೂ ಲೇತ್‌ಗೆ ಏರಿಸಬೇಡಿ. ನಿಮ್ಮ ಮನೆಯವರ ಭಯ ಸುಮ್ಮನೆ ಹುಟ್ಟಿದ್ದಲ್ಲ, ಅದಕ್ಕೆ ಬೆಲೆ ಕೊಡಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಕೆಲಸ ಮಾಡುತ್ತಿದ್ದೇನೆ. ನನ್ನ ಮೊದಲ ಬಳೆಯೂ ಒಡೆದು ಹಾರಿತ್ತು. ಗೋಡೆಗೆ ಬಡಿದ ಆ ತುಂಡು ಗಾರೆಯಲ್ಲಿ ಮಾಡಿದ ಗುಳಿ ಇನ್ನೂ ಹಾಗೇ ಇದೆ, ಮುಚ್ಚಿಸಿಲ್ಲ. ಕಲಿಯಲು ಬರುವವರಿಗೆ ಲೇತ್ ತೋರಿಸುವ ಮೊದಲು ಅದನ್ನು ತೋರಿಸುತ್ತೇನೆ.

ನಿಮಗೆ ಆದದ್ದು ಎರಡು ಬೇರೆ ಬೇರೆ ತೊಂದರೆ. ಮೊದಲ ಬಟ್ಟಲು ಒಡೆದದ್ದು ಕೋನದ ತಪ್ಪಿನಿಂದ. ಎರಡನೆಯದರ ಅಡಿ ಸೀಳಿದ್ದು ಮರ ಹಿಗ್ಗಿ ಕುಗ್ಗುವುದರಿಂದ. ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಗೆಳೆಯರ ಸಲಹೆಗಳು ನಿಮ್ಮನ್ನು ಗೊಂದಲಕ್ಕೆ ಕೆಡವಿದ್ದು ಇಲ್ಲೇ.

ಆ 3 ಮಿ.ಮೀ. ಸಂದು ಹೇಳುತ್ತಿರುವುದು

ನೀವು ಡ್ರಾಯಿಂಗ್ ಮೇಷ್ಟ್ರು, ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಈ ಒಂದು ಲೆಕ್ಕವನ್ನು ಜೊತೆಯಲ್ಲೇ ಮಾಡೋಣ. 25 ಮಿ.ಮೀ. ಅಗಲದ ಪಟ್ಟಿ, ಹೊರಗಡೆ 3 ಮಿ.ಮೀ. ಬಾಯಿ ಬಿಟ್ಟಿದೆ, ಒಳಗಡೆ ಮುಟ್ಟಿದೆ. ಅಂದರೆ ಸುಮಾರು 6.8 ಡಿಗ್ರಿಯ ಬೆಣೆಯಾಕಾರದ ಸಂದು. ಹನ್ನೆರಡು ತುಂಡಿಗೆ ಇಪ್ಪತ್ನಾಲ್ಕು ಕೊಯ್ತ. 6.8ನ್ನು 24ರಿಂದ ಭಾಗಿಸಿದರೆ ಕೊಯ್ತಕ್ಕೆ 0.28 ಡಿಗ್ರಿ. ನಿಮ್ಮ ಗರಗಸ 15ರ ಗುರುತಿನಲ್ಲಿ ನಿಂತಿದ್ದರೂ ಕೊಯ್ದದ್ದು 14.7ರ ಆಸುಪಾಸು. ಗರಗಸದ ಮೇಲೆ ಕೊರೆದಿರುವ ಗುರುತಿನ ಗೆರೆಯ ದಪ್ಪವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಬಾಗಿಲ ಚೌಕಟ್ಟು ಕೂಡಿಸುವ ಆಚಾರ್ರಿಗೆ ಈ ತಪ್ಪು ಕಾಣಿಸುವುದೇ ಇಲ್ಲ, ಏಕೆಂದರೆ ಅವರದು ಎಂಟೇ ಕೊಯ್ತ. ನಮ್ಮದರಲ್ಲಿ ಪ್ರತಿ ಕೊಯ್ತದ ತಪ್ಪೂ ಕೂಡುತ್ತಾ ಹೋಗಿ ಕೊನೆಯ ಜೋಡಣೆಯಲ್ಲಿ ಒಟ್ಟಾಗಿ ಎದುರು ನಿಲ್ಲುತ್ತದೆ.

ಸಂದು ಹೊರಗಡೆ ತೆರೆದರೆ ಕೋನ ಕಡಿಮೆಯಾಗಿದೆ, ಒಳಗಡೆ ತೆರೆದರೆ ಹೆಚ್ಚಾಗಿದೆ. ಇದೊಂದನ್ನು ಕೆಲಸದ ಮೇಜಿನ ಮೇಲಿನ ಗೋಡೆಗೆ ಬರೆದು ಅಂಟಿಸಿ.

24 ತುಂಡು ಹಾಕಿದರೆ ಗಟ್ಟಿ ಎಂಬ ಮಾತಿಗೂ ಉತ್ತರ ಇಲ್ಲೇ ಇದೆ. ಅದೇ ಗರಗಸ, ಅದೇ 0.28 ಡಿಗ್ರಿ, ಆದರೆ ಕೊಯ್ತ 48. ಸಂದು ಎರಡರಷ್ಟಾಗುತ್ತದೆ. ಹೆಚ್ಚು ತುಂಡು ಹಾಕುವುದು ವಿನ್ಯಾಸಕ್ಕಾಗಿ, ಬಲಕ್ಕಾಗಿ ಅಲ್ಲ. ಅಮೆರಿಕದ ನೈರುತ್ಯ ಭಾಗದ ಮೂಲನಿವಾಸಿಗಳ ಮಡಕೆಗಳ ಮೇಲಿರುವ ಚಿತ್ತಾರಗಳನ್ನು ಸಾವಿರಾರು ಮರದ ತುಂಡುಗಳಲ್ಲಿ ಮೂಡಿಸಿದ ಬಟ್ಟಲುಗಳ ಚಿತ್ರ ನೀವೂ ನೋಡಿರುತ್ತೀರಿ. ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಅವುಗಳ ಬಲ ತುಂಡಿನ ಎಣಿಕೆಯಲ್ಲಿಲ್ಲ, ಒಂದೊಂದು ತುಂಡೂ ಒಂದೇ ಅಳತೆಗೆ, ಒಂದೇ ಕೋನಕ್ಕೆ ಕೂತಿರುವುದರಲ್ಲಿದೆ. ನೀವು ಹನ್ನೆರಡರಲ್ಲೇ ಇರಿ. ಮೊದಲ ಹತ್ತು ಬಟ್ಟಲು ಹನ್ನೆರಡರಲ್ಲೇ ಮಾಡಿ.

ಇನ್ನು ಪುಡಿ ಕಲಸಿ ತುಂಬಿದ್ದು. ನಮ್ಮ ಮರಗೆಲಸದಲ್ಲಿ ಇದು ಹಳೆಯ ರೂಢಿ, ಕಿಟಕಿ ಬಾಗಿಲಿನ ಸಣ್ಣ ಬಿರುಕಿಗೆ ಬಣ್ಣ ಬಳಿಯುವ ಮುಂಚೆ ನಡೆಯುತ್ತದೆ. ಸುತ್ತುವ ಬಳೆಯಲ್ಲಿ ನಡೆಯುವುದಿಲ್ಲ. ಫೆವಿಕಾಲ್‌ನಂಥ ಪಿವಿಎ ಅಂಟು ಎರಡು ಮೈಗಳ ನಡುವೆ ಕಾಗದಕ್ಕಿಂತ ತೆಳುವಾದ ಪದರವಾಗಿ ಹರಡಿದಾಗ ಮಾತ್ರ ಹಿಡಿಯುತ್ತದೆ. ದಪ್ಪಗೆ ತುಂಬಿದರೆ ಒಣಗುವಾಗ ಕುಗ್ಗಿ ಒಳಗೆ ಟೊಳ್ಳಾಗುತ್ತದೆ. ಮೇಲಿನಿಂದ ನೋಡಲು ಮುಚ್ಚಿದಂತಿರುತ್ತದೆ, ಬಲ ಇರುವುದಿಲ್ಲ.

ಎತ್ತಿನ ಗಾಡಿಯ ಚಕ್ರವನ್ನು ನೆನಪಿಸಿಕೊಳ್ಳಿ. ಅದರ ಸುತ್ತಿನ ಮರವೂ ಒಂದೇ ತುಂಡಲ್ಲ, ಬಾಗು ತುಂಡುಗಳನ್ನು ಕೂಡಿಸಿದ್ದೇ. ಅವು ಬಿಚ್ಚಿಕೊಳ್ಳದಂತೆ ಕಾಯುವುದು ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಾ. ಲೇತ್ ಮೇಲೆ ಸುತ್ತುವ ನಮ್ಮ ಬಳೆಗೆ ಆ ಪಟ್ಟಾ ಇಲ್ಲ. ಸುತ್ತುವಾಗ ಹೊರಕ್ಕೆ ಎಳೆಯುವ ಬಲವನ್ನೆಲ್ಲ ಅಂಟಿನ ಗೆರೆಗಳೇ ತಡೆಯಬೇಕು. ಹನ್ನೆರಡರಲ್ಲಿ ಒಂದು ಗೆರೆ ಟೊಳ್ಳಾದರೂ ಸಾಕು, ಉಳಿ ತಾಗಿದ ಕೂಡಲೇ ಅಲ್ಲೇ ಬಿಡುತ್ತದೆ.

ಸೆಟ್‌ಸ್ಕ್ವೇರ್ ಇದ್ದರೆ ಸಾಕು

ದುಬಾರಿ ಗರಗಸ ಬೇಡ. ಗರಗಸದ ಮೇಲಿನ ಡಿಗ್ರಿ ಗುರುತನ್ನು ನಂಬುವುದನ್ನೇ ಬಿಡಬೇಕು. ಅದಕ್ಕೆ ಒಂದು ಸೊಗಸಾದ ದಾರಿಯಿದೆ, ಅದರ ಉಪಕರಣ ನಿಮ್ಮ ಡ್ರಾಯಿಂಗ್ ಹಾಲ್‌ನಲ್ಲೇ ಇದೆ.

ಟೇಬಲ್ ಸಾ (ಮೇಜಿನ ಸೀಳಿನಲ್ಲಿ ದುಂಡು ಅಲಗು ಸುತ್ತುವ ಗರಗಸ) ಮೇಲೆ ಜಾರುವ ಒಂದು ಹಲಗೆ ಮಾಡಿಕೊಳ್ಳಿ. ಅದರ ಮೇಲೆ ಪಟ್ಟಿಯನ್ನು ಒರಗಿಸಲು ಎರಡು ನೇರ ಮರದ ಕಟ್ಟೆ. ಒಂದು ಹಿಂದೆ, ಒಂದು ಮುಂದೆ, ಎರಡೂ ಅಲಗಿಗೆ ಓರೆಯಾಗಿ, ಒಂದಕ್ಕೊಂದು ಎದುರು ದಿಕ್ಕಿಗೆ ವಾಲಿರಬೇಕು. ಇವೆರಡರ ನಡುವಿನ ಕೋನ 30 ಡಿಗ್ರಿ ಇರಬೇಕು. 30–60 ಸೆಟ್‌ಸ್ಕ್ವೇರ್‌ನ 30ರ ಮೂಲೆಯನ್ನು ಎರಡು ಕಟ್ಟೆಗಳ ನಡುವೆ ಇಟ್ಟು, ಎರಡೂ ಬದಿ ಬೆಳಕು ನುಸುಳದಂತೆ ಒತ್ತಿ ತಿರುಪು ಬಿಗಿಯಿರಿ. ಶಾಲಾ ಮಕ್ಕಳ ಪೆಟ್ಟಿಗೆಯಲ್ಲಿ ಬರುವ ಪುಟ್ಟದು ಬೇಡ, ಡ್ರಾಯಿಂಗ್ ಬೋರ್ಡಿಗೆ ಬಳಸುವ ದೊಡ್ಡದು ತೆಗೆದುಕೊಳ್ಳಿ. ಅದರ ಅಂಚು ಉದ್ದ, ಆದ್ದರಿಂದ ತಪ್ಪು ಕಡಿಮೆ.

ಈಗ ಪಟ್ಟಿಯನ್ನು ಒಂದು ಕಟ್ಟೆಗೆ ಒತ್ತಿ ಒಂದು ತುದಿ ಕೊಯ್ಯಿರಿ, ಇನ್ನೊಂದು ಕಟ್ಟೆಗೆ ಒತ್ತಿ ಇನ್ನೊಂದು ತುದಿ. ಒಂದು ಕಟ್ಟೆ ಅಲಗಿಗೆ 15.2, ಇನ್ನೊಂದು 14.8 ಇದ್ದರೂ ಚಿಂತೆಯಿಲ್ಲ. ಎರಡೂ ಸೇರಿ 30 ಆಗುತ್ತದೆ, ಪ್ರತಿ ತುಂಡೂ 30 ಆಗುತ್ತದೆ, ಬಳೆ ಮುಚ್ಚುತ್ತದೆ. ಅಲಗಿಗೂ ಕಟ್ಟೆಗೂ ಇರುವ ಸಂಬಂಧ ನಮ್ಮ ತಲೆನೋವಲ್ಲ, ಎರಡು ಕಟ್ಟೆಗಳ ಸಂಬಂಧ ಒಂದು ಸರಿಯಿದ್ದರೆ ಸಾಕು. ಈ ಉಪಾಯ ಮೊದಲ ಸಲ ನನಗೆ ಅರ್ಥವಾದ ದಿನ ಸಂಜೆ ಕಳೆದು ಕತ್ತಲಾದರೂ ಮನೆಗೆ ಹೋಗದೆ ಬಳೆಯ ಮೇಲೆ ಬಳೆ ಕೂಡಿಸುತ್ತಾ ಕೂತಿದ್ದೆ.

ಟೇಬಲ್ ಸಾ ಇಲ್ಲದಿದ್ದರೆ ಇನ್ನೊಂದು ದಾರಿ. ಈಗಿರುವ ಮೈಟರ್ ಗರಗಸದಲ್ಲಿ ತುಸು ದೊಡ್ಡದಾಗಿ ಕೊಯ್ದು, ಡಿಸ್ಕ್ ಸ್ಯಾಂಡರ್‌ಗೆ (ಸ್ಯಾಂಡ್ ಪೇಪರ್ ಅಂಟಿಸಿದ ತಟ್ಟೆ ಸುತ್ತುವ ಯಂತ್ರ) ಒಂದು ಓರೆ ಕಟ್ಟೆ ಕಟ್ಟಿ ಪ್ರತಿ ತುದಿಯನ್ನೂ ಉಜ್ಜಿ ಅಳತೆಗೆ ತರುವುದು. ನಿಧಾನದ ಕೆಲಸ, ಧೂಳೂ ಹೆಚ್ಚು. ಆದರೆ ಕೈಗೆ ಅಪಾಯ ಕಡಿಮೆ, ಮೈ ನುಣುಪಾಗಿ ಬರುತ್ತದೆ. ಸ್ವಲ್ಪ ಹೆಚ್ಚು ಉಜ್ಜಿದರೆ ಒಂದು ತುಂಡು ಗಿಡ್ಡವಾಗಿಬಿಡುತ್ತದೆ ಎಂಬುದೊಂದೇ ತೊಡಕು. ಹನ್ನೆರಡೂ ಒಂದೇ ಉದ್ದ ಇರಲು, ತುದಿ ತಾಗಿ ನಿಲ್ಲುವಂಥ ತಡೆಗಟ್ಟೆ ಇರಲೇಬೇಕು. ಕೋನ ಸರಿಯಿದ್ದು ಉದ್ದ ತಪ್ಪಿದರೂ ಬಳೆ ಬಾಯಿ ಬಿಡುತ್ತದೆ.

ಉದ್ದದ ಲೆಕ್ಕ: ಬಳೆಯ ಹೊರ ವ್ಯಾಸವನ್ನು 0.268ರಿಂದ ಗುಣಿಸಿ. 150 ಮಿ.ಮೀ. ಬಟ್ಟಲಿಗೆ ಕಡೆಯಲು 10 ಮಿ.ಮೀ. ಬಿಟ್ಟುಕೊಂಡು 160 ಎಂದಿಟ್ಟರೆ ತುಂಡಿನ ಉದ್ದ ಬದಿ 43 ಮಿ.ಮೀ. ಒಂದು ಬಳೆಗೆ ಸುಮಾರು 65 ಸೆಂ.ಮೀ. ಪಟ್ಟಿ ಖರ್ಚಾಗುತ್ತದೆ, ಹಿಡಿಯಲು ಇನ್ನೂ 20 ಸೆಂ.ಮೀ. ಬೇಕು. ಆ ಕೊನೆಯ 20ನ್ನು ಉಳಿಸಲು ಹೋಗಿ ಬೆರಳನ್ನು ಅಲಗಿನ ಹತ್ತಿರ ಒಯ್ಯಬೇಡಿ.

ಈ ಕಸುಬಿನಲ್ಲಿ ಲೇತ್‌ಗಿಂತ ಗರಗಸವೇ ನನಗೆ ಹೆಚ್ಚು ಭಯ ಹುಟ್ಟಿಸುವುದು. 43 ಮಿ.ಮೀ. ತುಂಡು ಅಲಗಿಗೂ ತಡೆಗಟ್ಟೆಗೂ ನಡುವೆ ಸಿಕ್ಕಿಕೊಂಡರೆ ಕಲ್ಲಿನಂತೆ ಸಿಡಿಯುತ್ತದೆ. ಅಳತೆ ಕೂತ ಮೇಲೆ, ಕೊಯ್ಯುವ ಮೊದಲು ತಡೆಗಟ್ಟೆ ಸರಿದಿರಬೇಕು, ಕೊಯ್ದ ತುಂಡಿಗೆ ಓಡಲು ಜಾಗ ಇರಬೇಕು. ಪಟ್ಟಿಯನ್ನು ಕ್ಲಾಂಪ್ ಹಾಕಿ ಹಿಡಿಯಿರಿ. ತುಂಡನ್ನು ಒತ್ತಿ ಹಿಡಿಯಲು ತುದಿಗೆ ರಬ್ಬರ್ ಇರುವ ಕೋಲು ಬಳಸಿ, ಬೆರಳಲ್ಲ. ಅಲಗು ಪೂರ್ತಿ ನಿಂತ ಮೇಲೆಯೇ ತುಂಡು ಎತ್ತಿಕೊಳ್ಳಿ.

ಅರ್ಧ ಬಳೆಯ ಉಪಾಯ

ಎಷ್ಟೇ ಜಾಗ್ರತೆ ಮಾಡಿದರೂ ಕೂದಲೆಳೆಯ ತಪ್ಪು ಉಳಿಯುತ್ತದೆ. ಅದನ್ನು ನುಂಗಿಸುವ ವಿಧಾನವೊಂದಿದೆ. ಮೊದಲ ಬಟ್ಟಲಿನಲ್ಲೇ ನಿಮಗಿದು ಗೊತ್ತಿದ್ದರೆ ಆ ಅವಘಡ ಆಗುತ್ತಿರಲಿಲ್ಲ.

ಹನ್ನೆರಡನ್ನೂ ಒಟ್ಟಿಗೆ ಅಂಟಿಸಬೇಡಿ. ಎರಡೆರಡು ತುಂಡಿಗೆ ಅಂಟು ಹಚ್ಚಿ, ಒಂದರ ಮೇಲೊಂದು ಒತ್ತಿ ನಾಲ್ಕೈದು ಸಲ ಹಿಂದೆ ಮುಂದೆ ಉಜ್ಜಿ. ಅಂಟು ತೆಳುವಾಗುತ್ತಾ ಬಂದು ಒಮ್ಮೆಲೇ ಕಚ್ಚಿಕೊಳ್ಳುವುದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಗೆ ಅಂಚು ಸರಿ ಹೊಂದಿಸಿ ಬಿಡಿ. ಹೀಗೆ ಆರು ಜೋಡಿ, ಆಮೇಲೆ ಮೂರು ಮೂರು ಜೋಡಿ ಸೇರಿ ಎರಡು ಅರ್ಧ ಬಳೆ. ಈ ಎರಡು ಅರ್ಧಗಳನ್ನು ಅಂಟಿಸುವಾಗ, ಅವು ಪರಸ್ಪರ ಸೇರುವ ಎರಡು ಕಡೆ ಮಾತ್ರ ಅಂಟು ಹಾಕದೆ ಒಂದೊಂದು ಬೆಂಕಿಕಡ್ಡಿ ಇಟ್ಟು, ಇಡೀ ಬಳೆಯನ್ನು ಸೈಕಲ್ ಟ್ಯೂಬ್ ಕತ್ತರಿಸಿದ ರಬ್ಬರ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ. ಪೈಪಿಗೆ ಹಾಕುವ ಹೋಸ್ ಕ್ಲಾಂಪ್ ಸಿಕ್ಕರೆ ಅದೂ ಆಗುತ್ತದೆ. ಬೇರೆ ಹತ್ತು ಜೋಡಣೆಗಳೂ ಒತ್ತಿಕೊಂಡು ಮುಚ್ಚುತ್ತವೆ, ಇದ್ದ ತಪ್ಪೆಲ್ಲ ಬೆಂಕಿಕಡ್ಡಿ ಇಟ್ಟ ಎರಡು ಕಡೆಗೆ ಹೋಗಿ ಸೇರುತ್ತದೆ.

ಒಣಗಿದ ಮೇಲೆ ಬಿಚ್ಚಿ. ಒಂದು ಗಾಜಿನ ಹಲಗೆ ಅಥವಾ ಗ್ರಾನೈಟ್ ತುಂಡಿನ ಮೇಲೆ 80 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿ. ಅರ್ಧ ಬಳೆಯ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೀಚಿ, ಎರಡನ್ನೂ ಒಟ್ಟಿಗೆ ತಾಗಿಸಿ ಉಜ್ಜಿ. ಗೀಚು ಎರಡೂ ಕಡೆ ಪೂರ್ತಿ ಅಳಿಸಿಹೋದರೆ ಎರಡು ತುದಿಗಳೂ ಒಂದೇ ನೇರಕ್ಕೆ ಬಂದಿವೆ ಎಂದರ್ಥ. ಆ ಎರಡು ಅರ್ಧಗಳನ್ನು ಬೆಳಕಿಗೆ ಹಿಡಿದು ಕೂಡಿಸಿ ನೋಡಿ. ಬೆಳಕಿನ ಗೆರೆ ಕಾಣದಿದ್ದರೆ ಅಂಟಿಸಿ. ಕಂಡರೆ ಇನ್ನೆರಡು ಸಲ ಉಜ್ಜಿ.

ಬಳೆಯ ಮೇಲ್ಮೈ ಮಟ್ಟಸ ಮಾಡುವುದಕ್ಕೂ ಇದೇ ಪೆನ್ಸಿಲ್ ಗೀಚು, ಇದೇ ಹಲಗೆ. ಬಳೆಯ ಮೇಲೆ ಬಳೆ ಇಡುವಾಗ ಇಟ್ಟಿಗೆ ಗೋಡೆಯಂತೆ ಜೋಡಣೆಗಳು ಒಂದರ ಮೇಲೊಂದು ಬರದಂತೆ ಅರ್ಧ ತುಂಡು ಸರಿಸಿ. ಬಟ್ಟಲಿನ ನಿಜವಾದ ಬಲ ಬರುವುದು ಇಲ್ಲಿ. ತುಂಡಿನ ತುದಿಗೆ ತುದಿ ಸೇರುವ ಕಡೆ ಎಳೆಗಳ ಕೊಳವೆಗಳು ಬಾಯಿ ತೆರೆದಿರುತ್ತವೆ, ಅಂಟನ್ನು ಕುಡಿದುಬಿಡುತ್ತವೆ. ಅದಕ್ಕೇ ಆ ತುದಿಗಳಿಗೆ ಮೊದಲು ಒಂದು ತೆಳು ಕೈ ಅಂಟು ಸವರಿ, ಹೀರಿಕೊಂಡ ಮೇಲೆ ಎರಡನೆಯ ಕೈ ಹಚ್ಚಿ ಕೂಡಿಸಬೇಕು. ಬಳೆಗೆ ಬಳೆ ಸೇರುವ ಕಡೆಯಾದರೋ ಅಗಲವಾದ ಮೈಗೆ ಮೈ ತಾಗುತ್ತದೆ, ಮೇಲಿನ ಒಂದು ತುಂಡು ಕೆಳಗಿನ ಎರಡನ್ನು ಹಿಡಿದುಕೊಳ್ಳುತ್ತದೆ.

ಅಂಟಿನ ಮಾತು

ಫೆವಿಕಾಲ್ ಸಾಲದು ಎಂಬುದು ತಪ್ಪು ಕಲ್ಪನೆ. ಚೆನ್ನಾಗಿ ಕೂತ ಜೋಡಣೆಯಲ್ಲಿ ಫೆವಿಕಾಲ್ ಎಸ್‌ಎಚ್ ಆಗಲಿ ನೀರು ತಾಳುವ ಫೆವಿಕಾಲ್ ಮರೈನ್ ಆಗಲಿ ಬಟ್ಟಲಿಗೆ ಧಾರಾಳ ಸಾಕು. ತೇವದ ಸೀಮೆಯವರಾದ್ದರಿಂದ ಮರೈನ್ ಹಾಕಿ ಎನ್ನುತ್ತೇನೆ. ತೊಂದರೆ ಬರುವುದು ಎಣ್ಣೆಯಂಶ ಇರುವ ಮರದಲ್ಲಿ. ತೇಗ, ಬೀಟೆ ಎರಡೂ ಹಾಗೆಯೇ. ಹೊಸದಾಗಿ ಕೊಯ್ದ ಮೈಯನ್ನು ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ಕೂಡಲೇ ಅಂಟಿಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಇವತ್ತು ಕೊಯ್ದು ಮುಂದಿನ ಭಾನುವಾರ ಅಂಟಿಸುವ ಪದ್ಧತಿ ಬೇಡ, ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ.

ಎಪಾಕ್ಸಿ ಕೆಟ್ಟದ್ದಲ್ಲ. ಬೀಟೆಯಂಥ ಮರಕ್ಕೆ, ನಿಧಾನವಾಗಿ ಹೊಂದಿಸಬೇಕಾದ ಜೋಡಣೆಗೆ ಒಳ್ಳೆಯದು. ಆದರೆ ಸಂದು ಮುಚ್ಚುವ ಆಸೆಗೆ ಎಪಾಕ್ಸಿ ಹಿಡಿದರೆ ಕೋನ ಸರಿಮಾಡುವುದನ್ನು ನೀವು ಎಂದೂ ಕಲಿಯುವುದಿಲ್ಲ. ಅಕ್ಕನ ಬಟ್ಟಲು ಸೀಳುವುದನ್ನೂ ಎಪಾಕ್ಸಿ ತಡೆಯುತ್ತಿರಲಿಲ್ಲ. ಅಲ್ಲಿ ಬಿಟ್ಟದ್ದು ಅಂಟಲ್ಲ, ಮರವೇ ಸೀಳಿತು.

ಅಂಟಿದ ಮೇಲೆ ಬೇಸಿಗೆಯಲ್ಲಿ ಒಂದು ಹಗಲು ಒಂದು ರಾತ್ರಿ, ನಿಮ್ಮೂರ ಮಳೆಗಾಲದಲ್ಲಿ ಎರಡು ದಿನ ಬಿಟ್ಟು ಲೇತ್‌ಗೆ ಏರಿಸಿ.

ಸಾಗರದಿಂದ ಬಳ್ಳಾರಿಗೆ

ಎರಡನೆಯ ಬಟ್ಟಲಿನ ಕತೆ ಬೇರೆ. ಮರ ಕೊಯ್ದ ಮೇಲೂ ಸುಮ್ಮನಿರುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಿದರೆ ಹೀರಿ ಹಿಗ್ಗುತ್ತದೆ, ಕಡಿಮೆಯಾದರೆ ಬಿಟ್ಟು ಕುಗ್ಗುತ್ತದೆ. ಹಿಗ್ಗುವುದು ಕುಗ್ಗುವುದು ಎಳೆಗೆ ಅಡ್ಡಲಾಗಿ, ಎಳೆಯ ಉದ್ದಕ್ಕೆ ಇಲ್ಲವೆಂಬಷ್ಟು ಕಡಿಮೆ. ಇಡೀ ವಿಷಯ ಈ ಒಂದು ಮಾತಿನ ಮೇಲೆ ನಿಂತಿದೆ.

ತೇಗ ನಮ್ಮ ಮರಗಳಲ್ಲೇ ಸ್ಥಿರವಾದದ್ದು ಎಂದು ಹೆಸರು. ಅದೂ ಕೂಡ ತೇವಾಂಶ ಶೇ. 1 ಇಳಿದಾಗ ಅಡ್ಡಲಾಗಿ ಸುಮಾರು ಶೇ. 0.18ರಷ್ಟು ಕುಗ್ಗುತ್ತದೆ. ಜುಲೈನ ಸಾಗರದಲ್ಲಿ ಶೇ. 15 ತೇವಾಂಶವಿದ್ದ ಬಿಲ್ಲೆ ಫೆಬ್ರವರಿಯ ಬಳ್ಳಾರಿಯಲ್ಲಿ ಶೇ. 9ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. 150 ಮಿ.ಮೀ. ಬಿಲ್ಲೆ ಎಳೆಗೆ ಅಡ್ಡಲಾಗಿ ಒಂದೂವರೆ ಮಿ.ಮೀ.ಗಿಂತ ಹೆಚ್ಚು ಕುಗ್ಗಬೇಕು. ಅದರ ಸುತ್ತ ನೀವು ಅಂಟಿಸಿದ ಬಳೆಯಲ್ಲಿ ಎಳೆ ಸುತ್ತಲೂ ಓಡುತ್ತದೆ, ಆದ್ದರಿಂದ ಬಳೆಯ ಸುತ್ತಳತೆ ಬಹುತೇಕ ಬದಲಾಗುವುದಿಲ್ಲ. ಬಿಲ್ಲೆ ಒಳಕ್ಕೆ ಸರಿಯಲು ಹೊರಟಿತು, ಬಳೆ ಬಿಡಲಿಲ್ಲ, ಬಿಲ್ಲೆ ನಡುವೆ ಸೀಳಿತು. ಇದೇ ಬಟ್ಟಲನ್ನು ನೀವು ಬಳ್ಳಾರಿಯ ಬೇಸಿಗೆಯಲ್ಲಿ ಮಾಡಿ ಸಾಗರದ ಮಳೆಗಾಲಕ್ಕೆ ತಂದಿದ್ದರೆ ತಿರುಗುಮುರುಗು ಆಗುತ್ತಿತ್ತು. ಬಿಲ್ಲೆ ಹಿಗ್ಗಿ ಬಳೆಯನ್ನೇ ಒಡೆಯುತ್ತಿತ್ತು.

ಪಾಲಿಶ್ ಹಾಕಿದರೆ ತೇವ ಒಳಗೆ ಹೋಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಪಾಲಿಶ್ ತೇವದ ಓಡಾಟವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಒಳಗೆ, ಹೊರಗೆ, ಅಡಿಗೆ ಒಂದೇ ಸಮ ಹಚ್ಚುವುದು ಒಳ್ಳೆಯದೇ, ಏಕೆಂದರೆ ಒಂದು ಮೈ ಬೇಗ ಒಣಗಿ ಇನ್ನೊಂದು ಹಿಂದುಳಿಯುವುದು ತಪ್ಪುತ್ತದೆ. ಅಷ್ಟಕ್ಕೆ ಅಷ್ಟೇ.

ಅಡಿ ಮಾಡಲು ನಿಮ್ಮ ಮುಂದೆ ಮೂರು ದಾರಿ. ಬಿಲ್ಲೆ ಅಂಗೈಯೊಳಗೆ ಅಡಗುವಷ್ಟು, ಒಂದು 60 ಮಿ.ಮೀ. ಒಳಗಿದ್ದರೆ ಅಂಟಿಸಿಬಿಡಿ. ಕುಗ್ಗುವ ಅಳತೆ ಅಲ್ಲಿ ಸುಮಾರು 0.65 ಮಿ.ಮೀ.ಗೇ ನಿಲ್ಲುತ್ತದೆ, ಅಂಟು ಮತ್ತು ಮರ ಅಷ್ಟನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಪೂರ್ತಿ ಭರವಸೆ ಕೊಡಲಾರೆ. ಎರಡನೆಯದು, ಹೋಳಿಗೆ ಕತ್ತರಿಸಿದಂತೆ ಹನ್ನೆರಡು ತ್ರಿಕೋನ ಹೋಳುಗಳನ್ನು ನಡುವಿನವರೆಗೂ ಕೂಡಿಸಿ ಮಾಡುವ ಬಿಲ್ಲೆ. ನೋಡಲು ಬಹಳ ಚೆಂದ, ಎಲ್ಲರೂ ಮೊದಲು ಮಾಡಲು ಹೊರಡುವುದೂ ಅದನ್ನೇ. ದಯವಿಟ್ಟು ಮಾಡಬೇಡಿ. ಪ್ರತಿ ಹೋಳೂ ಅಡ್ಡಲಾಗಿ ಕುಗ್ಗಿದಾಗ ಅದರ ಕೋನ ತುಸು ಹೆಚ್ಚುತ್ತದೆ, ಹನ್ನೆರಡೂ ಸೇರಿ 360 ಮೀರುತ್ತದೆ, ನಡುವೆ ನಕ್ಷತ್ರದಂತೆ ಬಿರಿಯುತ್ತದೆ. ಬಳೆಯ ಗೋಡೆ ದಪ್ಪ ಇದ್ದರೂ ಹೀಗೇ ಒಳಗಡೆಯಿಂದ ಸಂದು ಬಿಡುತ್ತದೆ. ಅದಕ್ಕೇ ಕಡೆದು ಮುಗಿಸಿದ ಗೋಡೆ 8–10 ಮಿ.ಮೀ. ಮೀರದಿರಲಿ.

ಮೂರನೆಯದು ನಾನು ಮಾಡುವುದು: ತೇಲುವ ಅಡಿ. ಹಳೆಯ ಮನೆಗಳ ಬಾಗಿಲಲ್ಲಿ ಚೌಕಟ್ಟಿನ ತೋಡಿನೊಳಗೆ ಹಲಗೆಯನ್ನು ಅಂಟಿಲ್ಲದೆ ಕೂರಿಸಿರುತ್ತಾರಲ್ಲ, ಅದೇ ವಿದ್ಯೆ. ಎಲ್ಲಕ್ಕಿಂತ ಕೆಳಗಿನ ಬಳೆಯ ಒಳ ಅಂಚಿನಲ್ಲಿ ಒಂದು ಮೆಟ್ಟಿಲು ಕಡೆಯಿರಿ. ಬಿಲ್ಲೆಯನ್ನು ಅದರಲ್ಲಿ ಸುತ್ತಲೂ ಒಂದು ಮಿ.ಮೀ.ಗಿಂತ ತುಸು ಹೆಚ್ಚು ಸಡಿಲ ಇರುವಂತೆ ಕೂರಿಸಿ. ಬಿಲ್ಲೆಯ ಅಂಚಿಗೆ ಮೇಣ ಸವರಿ, ಅಂಟು ತಗುಲಿದರೂ ಹಿಡಿಯದಿರಲಿ. ಮೇಲಿನ ಬಳೆಯನ್ನು ಕೆಳಗಿನ ಬಳೆಗೆ ಮಾತ್ರ ಅಂಟಿಸಿ, ಬಿಲ್ಲೆ ನಡುವೆ ಸೆರೆಯಾಗುತ್ತದೆ. ಗಡಗಡ ಅಲ್ಲಾಡಬಾರದು ಎಂದರೆ ಬಿಲ್ಲೆಯ ಎಳೆ ಓಡುವ ದಿಕ್ಕಿನ ಎರಡು ತುದಿಗಳ ನಟ್ಟನಡುವೆ ಮೇಣ ಬಿಟ್ಟು, ಒಂದೊಂದು ತೊಟ್ಟು ಅಂಟು ಹಾಕಿ. ಆ ದಿಕ್ಕಿಗೆ ಮರ ಹಿಗ್ಗುವುದಿಲ್ಲವಾದ್ದರಿಂದ ಅಪಾಯವಿಲ್ಲ. ಇದು ಒಣ ಪದಾರ್ಥ ಇಡುವ ಬಟ್ಟಲಿಗೆ ಸರಿ, ಸಾರು ಮಜ್ಜಿಗೆಗೆ ಅಲ್ಲ. ತುಂಡು ಜೋಡಿಸಿದ ಯಾವ ಬಟ್ಟಲನ್ನೂ ಅದಕ್ಕೆ ಬಳಸಬಾರದು.

ಮರ ಮತ್ತು ಬಣ್ಣ

ಹಲಸು ಈಗ ಹಳದಿಯಾಗಿ ತೇಗದ ಪಕ್ಕ ಚೆನ್ನಾಗಿ ಕಾಣುತ್ತದೆ. ಬೆಳಕಿಗೆ ಇಟ್ಟರೆ ಕೆಲವು ವರ್ಷಗಳಲ್ಲಿ ಕಂದಾಗಿ ತೇಗದ ಹತ್ತಿರಕ್ಕೇ ಬರುತ್ತದೆ, ನಿಮ್ಮ ವಿನ್ಯಾಸ ಮಸುಕಾಗುತ್ತದೆ. ಬಿಳಿ ಉಳಿಯಬೇಕಾದರೆ ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ನೋಡಿ. ತಿಳಿ ಬಣ್ಣ, ಒಂದೇ ಸಮನಾದ ಸಣ್ಣ ಎಳೆ, ಉಳಿಗೆ ಬೆಣ್ಣೆಯಂತೆ. ತಲೆಮಾರುಗಳಿಂದ ಅಲ್ಲಿನ ಕುಶಲಕರ್ಮಿಗಳು ಅದನ್ನೇ ಹಿಡಿದುಕೊಂಡಿರುವುದು ಸುಮ್ಮನೆ ಅಲ್ಲ. ಕಪ್ಪಿಗೆ ಬೀಟೆಗಿಂತ ಮಿಗಿಲಿಲ್ಲ, ಆದರೆ ಅದನ್ನು ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಕಟ್ಟುಪಾಡುಗಳಿವೆ, ಬೀಟೆ ಸೇರಿದ ಇಡೀ ಕುಲ 2017ರಿಂದ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದ) ನಿಯಂತ್ರಣದಲ್ಲಿದೆ. ಪೀಠೋಪಕರಣ ಮಾಡುವವರಲ್ಲಿ ಉಳಿಯುವ ಸಣ್ಣ ತುಂಡುಗಳನ್ನು ಬಿಲ್ ಸಮೇತ ಕೊಳ್ಳಿ. ನಮಗೆ ಬೇಕಾದದ್ದೂ ಅಷ್ಟೇ ಉದ್ದದ್ದು.

ಯಾವ ಮರವಾದರೂ ಒಣಗಿರಬೇಕು, ಒಂದು ಬಟ್ಟಲಿಗೆ ಸೇರುವ ಎಲ್ಲ ಪಟ್ಟಿಗಳೂ ಕೆಲವು ವಾರ ಒಂದೇ ಕೋಣೆಯಲ್ಲಿ ಜೊತೆಗಿದ್ದಿರಬೇಕು. ಸಣ್ಣ ತೇವಾಂಶ ಮಾಪಕವೊಂದು ಕೊಳ್ಳಿ. ದುಡ್ಡು ಹಾಕಲೇಬೇಕಾದರೆ ದುಬಾರಿ ಗರಗಸಕ್ಕಲ್ಲ, ಇದಕ್ಕೆ ಮತ್ತು ಒಂದು ಒಳ್ಳೆಯ ಮುಖಕವಚಕ್ಕೆ.

ಲೇತ್ ಮುಂದೆ ನಿಂತಾಗ

ಬೆಳಕಿಗೆ ಹಿಡಿದು ಪರೀಕ್ಷಿಸಿದ, ಪಕ್ಕಾ ಒಣಗಿದ ಬಳೆಯನ್ನೇ ಏರಿಸಿ. ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟುತ್ತಾ ಬನ್ನಿ. ಗಟ್ಟಿಯಾದ ಕಡೆ ಕಣಕಣ ಎನ್ನುತ್ತದೆ, ಬಿಟ್ಟ ಜೋಡಣೆಯ ಹತ್ತಿರ ಸದ್ದು ಮಂಕಾಗುತ್ತದೆ. ವ್ಯಾಸವನ್ನು ಇಂಚಿನಲ್ಲಿ ಅಳೆದು ಆರ್‌ಪಿಎಂನಿಂದ ಗುಣಿಸಿದರೆ 6000ದಿಂದ 9000ದೊಳಗೆ ಇರಬೇಕೆಂಬುದು ಕಸುಬಿನವರ ಲೆಕ್ಕ. 8 ಇಂಚಿನ ಬಳೆಗೆ 750ರಿಂದ 1100. ನೀವು ಅದರ ಕೆಳಗೇ ಆರಂಭಿಸಿ, ದುಂಡಾಗಿ ಬಂದ ಮೇಲೆ ಏರಿಸಿ. ಗುಂಡಿ ಒತ್ತುವಾಗ, ಮೊದಲ ಅರ್ಧ ನಿಮಿಷ, ಬಳೆ ಸುತ್ತುವ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಕಿವಿಯ ಪಕ್ಕ ಹಾರಿದ ಆ ತುಂಡು ಬಂದದ್ದು ಆ ನೇರದಲ್ಲೇ. ಕನ್ನಡಕ ಸಾಲದು, ಗಲ್ಲದವರೆಗೆ ಇಳಿಯುವ ಮುಖಕವಚ ಬೇಕು.

ಧೂಳಿನ ಬಗ್ಗೆ ಎರಡು ಮಾತು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಉಜ್ಜುವ ಕೆಲಸ ಈ ಕಸುಬಿನಲ್ಲಿ ಮಾಮೂಲಿ ಕಡೆತಕ್ಕಿಂತ ಬಹಳ ಹೆಚ್ಚು. ಎನ್‌95 ಮಾಸ್ಕ್ ಹಾಕಿ, ಸಾಧ್ಯವಾದರೆ ಹೊರ ಜಗುಲಿಯಲ್ಲಿ ಉಜ್ಜಿ.

ಅಕ್ಕನ ಬಟ್ಟಲು

ಸದ್ಯಕ್ಕೆ ಏನನ್ನೂ ತುಂಬಬೇಡಿ ಎಂದು ಅಕ್ಕನಿಗೆ ಹೇಳಿ. ಈಗ ಬಿರುಕಿಗೆ ಎಪಾಕ್ಸಿಯನ್ನೋ ಪುಡಿ ಕಲಸಿದ ಅಂಟನ್ನೋ ತುಂಬಿದರೆ, ತೇವ ಹೆಚ್ಚಿದಾಗ ಬಿಲ್ಲೆ ಹಿಗ್ಗುತ್ತದೆ, ಆದರೆ ಬಿರುಕು ಮುಚ್ಚಿಕೊಳ್ಳಲು ಜಾಗ ಇರುವುದಿಲ್ಲ. ತುಂಬಿದ್ದು ಬೆಣೆಯಾಗಿ ನಿಂತು, ಇಲ್ಲಿಯವರೆಗೆ ಉಳಿದ ಬಳೆಯನ್ನೂ ಒಡೆಯುತ್ತದೆ.

ಬಟ್ಟಲನ್ನು ನಿಮ್ಮ ಹತ್ತಿರ ತರಿಸಿಕೊಳ್ಳಿ. ಒಂದು ಮರದ ದಿಮ್ಮಿಯಲ್ಲಿ ಬಟ್ಟಲಿನ ಬಾಯಿ ಬಿಗಿಯಾಗಿ ಕೂರುವ ತೋಡು ಕಡೆದು, ಬಟ್ಟಲನ್ನು ಬೋರಲಾಗಿ ಅದರಲ್ಲಿ ಸಿಕ್ಕಿಸಿ, ಟೇಲ್‌ಸ್ಟಾಕ್ (ಲೇತ್‌ನ ಎದುರು ತುದಿಯಿಂದ ಒತ್ತಿ ಹಿಡಿಯುವ ಭಾಗ) ಒತ್ತು ಕೊಟ್ಟು ನಿಲ್ಲಿಸಿ. ಸೀಳಿದ ಬಿಲ್ಲೆಯನ್ನು ಅಂಚಿನಿಂದ ನಡುವಿನತ್ತ ತೆಳುವಾಗಿ ಕಡೆಯುತ್ತಾ ಬನ್ನಿ. ಟೇಲ್‌ಸ್ಟಾಕ್ ಹಿಡಿದಿರುವ ನಡುವಿನ ಉಬ್ಬನ್ನು ಲೇತ್ ನಿಲ್ಲಿಸಿ ಉಳಿಯಿಂದ ಬಿಡಿಸಿ. ಬಳೆಯ ಒಳ ಅಂಚಿನಲ್ಲಿ 4 ಮಿ.ಮೀ. ಮೆಟ್ಟಿಲು ಬರುವಂತೆ ನೋಡಿಕೊಳ್ಳಿ. ಹೊಸ ಬಿಲ್ಲೆಯನ್ನು ಕೆಳಗಡೆಯಿಂದ ಸಡಿಲವಾಗಿ ಕೂರಿಸಿ, ಅದರ ಕೆಳಗೆ ಆಲೆ ಮರದ ತೆಳು ಬಳೆಯೊಂದನ್ನು, ಹನ್ನೆರಡು ತುಂಡಿನದೇ, ಹಳೆಯ ಬಳೆಗೆ ಮಾತ್ರ ಅಂಟಿಸಿ ಬಿಲ್ಲೆಯನ್ನು ಸೆರೆ ಹಿಡಿಯಿರಿ. ಬಟ್ಟಲಿಗೆ ಒಂದು ಬಿಳಿ ಪಾದ ಬಂದಂತಾಗುತ್ತದೆ. ಬಿಲ್ಲೆಯ ಎಳೆಯ ಎರಡು ತುದಿಗೆ ಒಂದೊಂದು ತೊಟ್ಟು ಅಂಟು ಮರೆಯಬೇಡಿ. ಮಳೆಗಾಲದಲ್ಲಿ ಈ ಕೆಲಸ ಮಾಡುವುದಾದರೆ ಬಿಲ್ಲೆ ಹಿಗ್ಗಿದ ಸ್ಥಿತಿಯಲ್ಲಿರುತ್ತದೆ, ಸುತ್ತ ಅರ್ಧ ಮಿ.ಮೀ. ಸಡಿಲ ಸಾಕು. ಬೇಸಿಗೆಯಲ್ಲಾದರೆ ಒಂದೂವರೆ ಬಿಡಿ.